ಸೀಸದ ಟಪಾಲಿನವನು

ಸುಗ್ಗಿ ಮುಗಿದು ಮೂರು ವಾರವಾಗಿತ್ತು. ಊರ ಸುತ್ತಿನ ಹೊಲಗಳೆಲ್ಲ ಬೋಳಾಗಿ, ಕೂಳೆಗಳ ನಡುವೆ ಮಂಜು ಹೊತ್ತೇರಿದರೂ ಎದ್ದುಹೋಗದೆ ಸೋಮಾರಿಯ ಹಾಗೆ ಬಿದ್ದುಕೊಂಡಿರುತ್ತಿತ್ತು. ಹೊಸ ಗೋಧಿ ಗಿರಣಿಗೆ ಬರುವ ಕಾಲ. ಬೆಳಿಗ್ಗೆ ಏಳಕ್ಕೆ ಬೆಲ್ಟು ಏರಿಸಿದರೆ ಮಧ್ಯಾಹ್ನ ಎರಡರವರೆಗೆ ಇಳಿಸುವ ಮಾತಿಲ್ಲ. ಮೂಟೆ, ಡಬ್ಬಿ, ಬಕೆಟ್ಟು, ದಿಂಬಿನ ಚೀಲ, ಯಾವುದರಲ್ಲಿ ತಂದರೂ ಗಿರಣಿಯವನು ಸಾಲಾಗಿ ಇಡಿಸಿ, ಬಂದ ಸರದಿಯಲ್ಲೇ ಕಲ್ಲಿನ ಬಾಯಿಗೆ ಸುರಿದು, ಕೆಳಗೆ ಬೀಳುವ ಬಿಸಿ ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ ತಲೆಯಾಡಿಸುತ್ತಿದ್ದ.

ಅವನ ಹುಬ್ಬಿಗೂ ಕಿವಿಯ ಕೂದಲಿಗೂ ಹಿಟ್ಟು ಹತ್ತಿ ಮೂವತ್ತು ವರ್ಷವಾಗಿತ್ತು. ಆ ಹಿಟ್ಟಿನಡಿಯಲ್ಲಿ ತಲೆ ನಿಜವಾಗಿ ಯಾವಾಗ ನರೆಯಿತೆಂಬುದು ಅವನ ಹೆಂಡತಿಗೂ ತಿಳಿಯದು. ಕಲ್ಲಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಗಂಟಲು ಒಂದೇ ಮಟ್ಟಕ್ಕೆ ನಿಂತುಬಿಟ್ಟಿತ್ತು. ಪಿಸುಗುಟ್ಟಿದರೂ ಮೂರು ಮನೆಯಾಚೆ ಕೇಳುತ್ತಿತ್ತು. ಹಾಗಾಗಿ ಊರಿನಲ್ಲಿ ಯಾರೂ ಅವನಿಗೆ ಗುಟ್ಟು ಹೇಳುತ್ತಿರಲಿಲ್ಲ. ಅಂಥ ಮನುಷ್ಯ ಒಂದು ಸುಳ್ಳು ಹೇಳಲು ಹೋದದ್ದು ಯಾವ ಧೈರ್ಯದ ಮೇಲೋ, ಇಂದಿಗೂ ಅರ್ಥವಾಗಿಲ್ಲ.

ಗಿರಣಿಯ ಮೇಲಿನ ಅಟ್ಟದಲ್ಲಿ ಅವನ ರೈಲು ಇತ್ತು. ಎಂಟಡಿ ಉದ್ದ, ಮೂರಡಿ ಅಗಲದ ಎರಡು ಹಲಗೆಗಳನ್ನು ಬೋಲ್ಟು ಹಾಕಿ ಕೂಡಿಸಿ, ಅದರ ಮೇಲೆ ಊರಿನ ರೈಲು ನಿಲ್ದಾಣವನ್ನು ಎಂಬತ್ತೇಳರಲ್ಲಿ ಒಂದು ಪಾಲಿನ ಅಳತೆಗೆ ಇಳಿಸಿ ಕಟ್ಟಿದ್ದ. ಆ ಅಳತೆಯಲ್ಲಿ ಮನುಷ್ಯ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ಎತ್ತರ. ನಿಜವಾದ ನಿಲ್ದಾಣ ಐದು ವರ್ಷದ ಹಿಂದೆಯೇ ಮುಚ್ಚಿಹೋಗಿ, ಹಳಿಗಳನ್ನು ಕಿತ್ತುಕೊಂಡು ಹೋಗಿದ್ದರು. ಹಳಿಯಿದ್ದ ಜಾಗದಲ್ಲಿ ಈಗ ದನ ಮೇಯುತ್ತಿದ್ದವು. ಆದರೆ ಅಟ್ಟದ ಮೇಲೆ ಛಾವಣಿಯ ಎರಡು ಸಾವಿರದ ನಾನೂರು ಹೆಂಚುಗಳೂ ಇದ್ದವು, ಒಂದೊಂದೂ ರಟ್ಟಿನಿಂದ ಬ್ಲೇಡಿನಲ್ಲಿ ಕೊಯ್ದದ್ದು. ಹಳಿಯ ಕೆಳಗಿನ ಜಲ್ಲಿ ಗೋಧಿಯ ತರಿ, ಬೂದಿ ಬಣ್ಣ ಕುಡಿಸಿದ್ದು. ಮಳೆಗಾಲದಲ್ಲಿ ಆ ಜಲ್ಲಿಗೆ ಹುಳು ಬೀಳುತ್ತಿತ್ತು. ರೈಲ್ವೆಯ ಇತಿಹಾಸದಲ್ಲಿ ಹಳಿಯನ್ನು ಬಿಸಿಲಿಗೆ ಹರವಿದವನು ಅವನೊಬ್ಬನೇ ಇರಬೇಕು.

ಗಿರಣಿ ತಿರುಗುವಾಗ ಅಟ್ಟ ಅದುರಿ ಗಾಡಿ ಹಳಿ ತಪ್ಪುತ್ತಿತ್ತು. ಆದ್ದರಿಂದ ಮಧ್ಯಾಹ್ನ ಎರಡಕ್ಕೆ ಬೆಲ್ಟು ಇಳಿದ ಮೇಲೆಯೇ ರೈಲು ಹೊರಡುವುದು.

"ಮನೆ ಮಾಡು ಮೂರು ಕಡೆ ಸೋರ್ತಿದೆ," ಎನ್ನುತ್ತಿದ್ದಳು ಹೆಂಡತಿ, ಏಣಿಯ ಕೆಳಗೆ ನಿಂತು. "ಮಳೆ ಬಂದಾಗ ನಾವು ನಿಮ್ಮ ಸ್ಟೇಷನ್ ಒಳಗೇ ಹೋಗಿ ಮಲಗಬೇಕು, ಅಲ್ವಾ?"

"ಅಳತೆ ಸಾಲಲ್ಲ ಕಣೇ!" ಎಂದು ಅವನು ಮೇಲಿನಿಂದ ಗಂಭೀರವಾಗಿಯೇ ಕೂಗುತ್ತಿದ್ದ.

ಪ್ರಯಾಣಿಕರ ವಿಷಯದಲ್ಲಿ ಮಾತ್ರ ಅವನ ತಾಳ್ಮೆ ಕೈಕೊಟ್ಟಿತು. ಕೊಡೆ ಹಿಡಿದ ಒಬ್ಬ ಮನುಷ್ಯನನ್ನು ಮರದಲ್ಲಿ ಕೆತ್ತಿ, ಅವನನ್ನು ಪ್ಲಾಸ್ಟರಿನಲ್ಲಿ ಒತ್ತಿ ಅಚ್ಚು ತೆಗೆದು, ಹಳೆಯ ಕೊಳವೆಯ ಸೀಸ ಕರಗಿಸಿ ಹುಯ್ದ. ಒಂದೇ ಅಚ್ಚು, ಮೂವತ್ತೆಂಟು ಜನ. ಕೋಟಿಗೆ ಕೆಂಪು, ನೀಲಿ, ಕಂದು ಬಣ್ಣ ಬಳಿದು ಪ್ಲಾಟ್‌ಫಾರ್ಮಿನ ಮೇಲೆ ಅಂಟಿಸಿದ. ಕೊನೆಯವನನ್ನು ಆರುವ ಮೊದಲೇ ಅಚ್ಚಿನಿಂದ ಎಳೆದುಬಿಟ್ಟಿದ್ದರಿಂದ ಅವನ ಎಡ ಹೆಗಲು ಇಳಿದು, ಕತ್ತು ಅದೇ ಕಡೆಗೆ ವಾಲಿತು. ಸೊಂಟದ ಹತ್ತಿರ ಹೆಚ್ಚಿನ ಸೀಸ ಒಂದು ಗಂಟಾಗಿ ಉಳಿಯಿತು. ಅರದಿಂದ ಉಜ್ಜಿ ತೆಗೆಯಬೇಕಿತ್ತು. ಅಷ್ಟರಲ್ಲಿ ಅಚ್ಚು ಒಡೆದು, ಅವನಿಗೂ ಬೇಸರ ಬಂದು, ಆ ಡೊಂಕನನ್ನು ದೀಪದ ಕಂಬದ ಮರೆಯಲ್ಲಿ ನಿಲ್ಲಿಸಿ ಕೈತೊಳೆದುಕೊಂಡ.

ವರ್ಷಕ್ಕೊಮ್ಮೆಯ ಮಾದರಿ ರೈಲುಗಳ ಪ್ರದರ್ಶನ ಈ ಸಲ ನಡೆದದ್ದು ಶಾಲೆಯ ದೊಡ್ಡ ಕೋಣೆಯಲ್ಲಿ. ಏಳು ಮೇಜು, ಏಳು ಮಾದರಿ ರೈಲು. ಗೆದ್ದವರಿಗೆ ಒಂದು ಹಿತ್ತಾಳೆಯ ಫಲಕ, ಮತ್ತೆ ಮುಂದಿನ ತಿಂಗಳು ರಾಜಧಾನಿಯ ದೊಡ್ಡ ಪ್ರದರ್ಶನದಲ್ಲಿ ಒಂದು ಮೇಜು. ಕಳೆದ ಎರಡು ವರ್ಷವೂ ಫಲಕವನ್ನು ಹಲ್ಲಿನ ಡಾಕ್ಟರು ಹೊಡೆದಿದ್ದರು. ಅವರದು ಹಿಮದ ಬೆಟ್ಟ. ಬೆಟ್ಟ, ಹಿಮ, ಮನೆ, ಮನೆಯ ಮುಂದಿನ ಹಸು ಎಲ್ಲವೂ ಪೆಟ್ಟಿಗೆಯಲ್ಲಿ ತರಿಸಿದ್ದು. ಈ ಸಲ ಗಿರಣಿಯವನು ತನ್ನ ಮೇಜಿನ ಮೇಲೆ ದಪ್ಪ ಅಕ್ಷರದಲ್ಲಿ ಒಂದು ರಟ್ಟು ನಿಲ್ಲಿಸಿದ್ದ: "ಕೊನೆಯ ರೈಲು ಬಂದ ದಿನ, ಬೆಳಿಗ್ಗೆ ಹತ್ತೂ ಇಪ್ಪತ್ತು. ಕಣ್ಣಾರೆ ಕಂಡದ್ದು, ಕಂಡ ಹಾಗೆ."

ಕೊನೆಯ ರೈಲು ಬಂದ ದಿನ ಅವನು ದವಡೆ ಊದಿಸಿಕೊಂಡು, ಕೆನ್ನೆಗೆ ಬಿಸಿ ಉಪ್ಪಿನ ಗಂಟು ಕಟ್ಟಿಕೊಂಡು ಮನೆಯಲ್ಲಿ ಮಲಗಿದ್ದ. ಇದು ಹೆಂಡತಿಗೆ ಗೊತ್ತಿತ್ತು. ಆಕೆ ರಟ್ಟನ್ನು ಓದಿ, ಗಂಡನ ಮುಖ ನೋಡಿ, ತನ್ನ ಕೆನ್ನೆಯನ್ನು ಒಮ್ಮೆ ಸವರಿಕೊಂಡಳು.

ತೀರ್ಪುಗಾರರು ನಿವೃತ್ತ ಸ್ಟೇಷನ್ ಮಾಸ್ಟರು. ಇದೇ ನಿಲ್ದಾಣದ ಕೊನೆಯ ಮಾಸ್ಟರು. ಅವರ ಎದುರಿಗೇ ಇಂಥ ರಟ್ಟು ನಿಲ್ಲಿಸುವುದೆಂದರೆ ಹುಡುಗಾಟವಲ್ಲ. ಆದರೆ ಮುದುಕರಿಗೆ ಮರೆವು ಬಂದಿದೆ ಎಂದು ಊರೆಲ್ಲ ಹೇಳುತ್ತಿದ್ದುದನ್ನು ಗಿರಣಿಯವನು ನಂಬಿದ್ದ. ಅವರು ಬಗ್ಗಿ, ಕನ್ನಡಕ ಏರಿಸಿ, ತಮ್ಮದೇ ಕೋಣೆಯ ಕಿಟಕಿಯನ್ನು ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ," ಎಂದರು. "ಇಷ್ಟು ಜನ ಬಂದಿದ್ದರೇನು ಅವತ್ತು?"

"ಮೂವತ್ತೆಂಟು, ಸಾರ್! ಎಣಿಸಿದ್ದೆ!"

"ಹೂಂ. ಆದರೆ ಎಲ್ಲ ಒಬ್ಬನೇ ಮನುಷ್ಯ ಅಲ್ಲವೇನ್ರೀ? ಅದೇ ಕೊಡೆ, ಅದೇ ಮೂಗು." ಮಾಸ್ಟರು ಪೆನ್ನು ತೆಗೆದು ಕಾಗದದ ಮೇಲೆ ಏನೋ ಬರೆಯತೊಡಗಿದರು. ಪಕ್ಕದ ಮೇಜಿನಿಂದ ಡಾಕ್ಟರು ಹಲ್ಲು ಕಾಣುವಷ್ಟು ನಕ್ಕರು.

ಆಗ ಮೇಜಿನ ಕೆಳಗಿನಿಂದ ಹೊಲಿಗೆಯಮ್ಮ ಎದ್ದಳು. ಮೇಜಿನ ಸುತ್ತ ನೆಲ ಮುಟ್ಟುವ ಹಾಗೆ ಇಳಿಬಿಟ್ಟಿದ್ದ ಹಸಿರು ಬಟ್ಟೆ ಅವಳೇ ಹೊಲಿದದ್ದು. ಒಂದು ಕಡೆ ಅಂಚು ಬಿಚ್ಚಿದೆಯೆಂದು ಸೂಜಿ ಹಿಡಿದು ಮಂಡಿಯೂರಿ ಕೂತಿದ್ದಳು. ಏಳುವಾಗ ಅವಳ ಕಣ್ಣು ಸರಿಯಾಗಿ ಪ್ಲಾಟ್‌ಫಾರ್ಮಿನ ಮಟ್ಟಕ್ಕೆ ಬಂತು. ಅಲ್ಲೇ ನಿಂತಿತು.

"ಇವರು... ಗಿರಣಿಯಣ್ಣಾ, ಇವರು ನಮ್ಮವರಲ್ವಾ?"

ಅವಳ ಗಂಡ ಟಪಾಲಿನವನಾಗಿದ್ದ. ಇಪ್ಪತ್ತು ವರ್ಷ ಚೀಲ ಹೊತ್ತು ಎಡ ಹೆಗಲು ಇಳಿದುಹೋಗಿತ್ತು. ಎಂಟು ವರ್ಷದ ಹಿಂದೆ ಒಂದು ಬೆಳಿಗ್ಗೆ ಚೀಲ ಏರಿಸಿಕೊಂಡು ಹೋದವನು ಮತ್ತೆ ಬರಲಿಲ್ಲ. ಹುಡುಕಿದರು, ಕೆರೆ ಜಾಲಾಡಿದರು, ಬಿಟ್ಟರು.

"ಯಾರಿದು?" ಎಂದು ಮಾಸ್ಟರು ಪೆನ್ನು ನಿಲ್ಲಿಸಿ ಕೇಳಿದರು.

"ನಮ್ಮ ಯಜಮಾನರು. ನೋಡಿ, ಆ ಹೆಗಲು. ಚೀಲ ನೋಡಿ."

ಅಲ್ಲ, ಅದು ಆರದ ಸೀಸ ತಾಯೀ, ಅನ್ನಬಹುದಿತ್ತು. ಗಿರಣಿಯವನು ಪೆನ್ನಿನ ತುದಿ ನೋಡಿದ, ಡಾಕ್ಟರ ಹಲ್ಲು ನೋಡಿದ.

"ಹೌದು!" ಎಂದ. ಆ ಗಂಟಲಿಗೆ ಕೋಣೆಯ ಕಿಟಕಿಗಳು ಅದುರಿದವು. "ಅವರೇ! ಕಂಬದ ಪಕ್ಕದಲ್ಲಿ ನಿಂತಿದ್ದರು! ಒಬ್ಬೊಬ್ಬರನ್ನೂ ಹಾಗೇ ನೋಡಿ ಮಾಡಿದ್ದು, ಸಾರ್!"

ಮಾಸ್ಟರು ಅವನನ್ನು ದಿಟ್ಟಿಸಿ ನೋಡಿದರು. ಆಮೇಲೆ ಬರೆದದ್ದನ್ನು ಹೊಡೆದುಹಾಕಿದರು. ಸಂಜೆಯ ಹೊತ್ತಿಗೆ ಹಿತ್ತಾಳೆಯ ಫಲಕ ಗಿರಣಿಯ ಗೋಡೆಯ ಮೇಲಿತ್ತು. ಮಾರನೆಯ ದಿನಕ್ಕೆ ಅದರ ಮೇಲೂ ಹಿಟ್ಟು ಕೂತಿತು.

ಹೊಲಿಗೆಯಮ್ಮ ಬೆಳಿಗ್ಗೆಯೇ ಬಂದಳು. ಕೈಯಲ್ಲಿ ಗೋಧಿಯಿರಲಿಲ್ಲ. ಸಾಲಿನಲ್ಲಿ ಏಳೆಂಟು ಜನ ಡಬ್ಬಿ ಹಿಡಿದು ನಿಂತಿದ್ದರು.

"ಒಂದು ಮಾತು ಕೇಳ್ಬೇಕಿತ್ತು, ಅಣ್ಣಾ. ಅವರು ರೈಲು ಹತ್ತೋಕೆ ನಿಂತಿದ್ರಾ, ಇಳಿದು ನಿಂತಿದ್ರಾ?"

ಈ ಪ್ರಶ್ನೆಯನ್ನು ಗಿರಣಿಯವನು ಎಣಿಸಿರಲಿಲ್ಲ. ಹತ್ತಿದರು ಎಂದರೆ ಬಿಟ್ಟುಹೋದರು ಎಂದಾಗುತ್ತದೆ, ಪಾಪ. ಅವನು ಮನಸ್ಸು ಕರಗಿ, "ಇಳಿದು! ಇಳಿದು ನಿಂತಿದ್ದರು!" ಎಂದು ಕಲ್ಲಿನ ಸದ್ದಿನ ಮೇಲೆ ಕೂಗಿದ.

"ಊರಿಗೆ ಬಂದು ಇಳಿದವರು ಮನೆಗೆ ಯಾಕೆ ಬರಲಿಲ್ಲ?"

"ಅಲ್ಲಲ್ಲ, ತಪ್ಪಿದೆ! ಹತ್ತೋದಕ್ಕೇ ನಿಂತಿದ್ದದ್ದು! ಈಗ ನೆನಪಾಯ್ತು!"

"ಹತ್ತೋದಕ್ಕೆ?" ಅವಳು ಬೆರಳು ಮಡಿಸಿದಳು. "ಮನೆ ಬಿಟ್ಟು ಮೂರು ವರ್ಷಕ್ಕೆ ಕೊನೆಯ ರೈಲು. ಹಾಗಾದ್ರೆ ಆ ಮೂರು ವರ್ಷ ಇಲ್ಲೇ ಇದ್ರು. ಈ ಊರಲ್ಲೇ. ನಾನು ಪಕ್ಕದ ಬೀದಿಯಲ್ಲಿ ಮಷೀನು ತುಳೀತಿದ್ದೆ."

ಗಿರಣಿಯವನು ಬಾಯಿ ತೆರೆದ. ಸಾಲಿನಲ್ಲಿದ್ದ ಮುದುಕಿಯೊಬ್ಬಳು ಅವನ ತೋಳು ಹಿಡಿದು, "ಸಾಕು, ಇನ್ನು ಸಮಾಧಾನ ಮಾಡ್ಬೇಡಪ್ಪಾ," ಎಂದಳು.

ಆದರೆ ಮಾತು ಹೊರಟುಹೋಗಿತ್ತು. ಟಪಾಲಿನವನು ಮೂರು ವರ್ಷ ಊರಿನಲ್ಲೇ ಅಡಗಿದ್ದನೆಂದ ಮೇಲೆ ಯಾರ ಮನೆಯಲ್ಲಿ ಎಂಬುದು ಮುಂದಿನ ಮಾತು. ಬೀದಿಯ ಜನ ಒಬ್ಬರ ಅಟ್ಟವನ್ನು ಒಬ್ಬರು ನೋಡತೊಡಗಿದರು. ಬೇಕರಿಯಾಕೆ ಒಂಟಿಯಾಗಿದ್ದವಳು, ಆ ಕಾಲದಲ್ಲಿ ಆಕೆ ದಿನಾ ಎರಡು ಬನ್ನು ಒಳಗೆ ಎತ್ತಿಟ್ಟುಕೊಳ್ಳುತ್ತಿದ್ದುದನ್ನು ಯಾರೋ ನೆನಪು ಮಾಡಿಕೊಂಡರು. ಆಕೆ ಲಟ್ಟಣಿಗೆ ಹಿಡಿದುಕೊಂಡೇ ಗಿರಣಿಗೆ ಬಂದಳು.

"ಏನಯ್ಯಾ, ನಿನ್ನ ಬೊಂಬೆ ನನ್ನ ಮನೆಯಿಂದ ಎದ್ದುಹೋದದ್ದು ಅಂತೆ?"

"ನಾನು ಹಾಗೆ ಅಂದಿಲ್ಲಕ್ಕಾ!"

"ಮೆಲ್ಲಗೆ ಮಾತಾಡು! ನೀನು 'ಇಲ್ಲ' ಅಂತ ಕೂಗಿದ್ರೂ ಜನಕ್ಕೆ 'ಇತ್ತು' ಅಂತ ಕೇಳ್ಸತ್ತೆ. ಆ ಬನ್ನು ಎರಡೂ ನಾನೇ ತಿಂತಿದ್ದೆ. ನನ್ನ ಮೈ ನೋಡಿದ್ರೆ ಗೊತ್ತಾಗಲ್ವಾ?"

ಇದು ಇಷ್ಟಕ್ಕೇ ನಿಂತಿದ್ದರೆ ಬೀದಿಯ ಬಾಯಿ ಒಂದು ತಿಂಗಳಿಗೆ ದಣಿಯುತ್ತಿತ್ತು. ಆದರೆ ಹೊಲಿಗೆಯಮ್ಮ ದಾಖಲೆ ಕಚೇರಿಗೆ ಒಂದು ಅರ್ಜಿ ಹಾಕಿದ್ದಳು. ಕಾಣೆಯಾದ ಮನುಷ್ಯನ ಸುದ್ದಿ ಏಳು ವರ್ಷ ಯಾರಿಗೂ ಇಲ್ಲದಿದ್ದರೆ ಅವನು ಸತ್ತನೆಂದು ಕಚೇರಿಯವರು ಬರೆದುಕೊಡುತ್ತಿದ್ದರು. ಆ ಕಾಗದ ಬಂದರೆ ಅವಳಿರುವ ಅರ್ಧ ಮನೆ ಅವಳ ಹೆಸರಿಗೆ ಆಗುತ್ತಿತ್ತು. ಎಂಟು ವರ್ಷವಾಗಿತ್ತು, ಸಹಿಯೊಂದೇ ಬಾಕಿ. ಮನೆಯ ಇನ್ನರ್ಧದಲ್ಲಿ ಅವಳ ಮೈದುನನ ಸೈಕಲ್ ಅಂಗಡಿ. ಗೋಡೆ ಒಡೆದು ಅಂಗಡಿಯನ್ನು ಈಚೆಗೂ ಬೆಳೆಸುವ ಆಸೆ ಅವನಿಗೆ ಬಹಳ ದಿನದ್ದು. ಅವನು ಪ್ರದರ್ಶನಕ್ಕೆ ಹೋದವನಲ್ಲ. ಈಗ ಹೋಗಿ ಗಿರಣಿಯ ಅಟ್ಟ ಹತ್ತಿ, ದೀಪದ ಕಂಬದ ಹತ್ತಿರ ಬಗ್ಗಿ ನೋಡಿ, ಕೆಳಗಿಳಿದು ಕಣ್ಣೊರೆಸಿಕೊಂಡ.

"ನಮ್ಮಣ್ಣನೇ," ಎಂದ. "ಐದು ವರ್ಷದ ಹಿಂದೆ ಜೀವಂತ ಇದ್ದ. ಅಲ್ಲಿಗೆ ಏಳಕ್ಕೆ ಇನ್ನೂ ಎರಡು ವರ್ಷ ಬಾಕಿ ಆಯ್ತಲ್ಲ, ಅತ್ತಿಗೆ." ಸೀದಾ ಕಚೇರಿಗೆ ಹೋಗಿ ತಕರಾರು ಬರೆದುಕೊಟ್ಟ. ಎರಡು ವರ್ಷದಲ್ಲಿ ಗೋಡೆಗೆ ಏನು ಬೇಕಾದರೂ ಆಗಬಹುದು.

ಅದೇ ದಿನ ಪೋಸ್ಟ್ ಮಾಸ್ಟರೂ ಬಂದರು. ಅವರಿಗೆ ಟಪಾಲಿನವನ ಗೊಡವೆಯಿರಲಿಲ್ಲ.

"ಚೀಲ ಹೆಗಲಲ್ಲಿತ್ತೇ?"

"ಯಾವ ಚೀಲ, ಸ್ವಾಮಿ?"

"ಇಲಾಖೆಯ ಚೀಲ! ಹತ್ತೊಂಬತ್ತು ರಿಜಿಸ್ಟರ್ಡ್ ಪತ್ರ ಇದ್ದವು. ಎಂಟು ವರ್ಷದಿಂದ ನಾನು ಮೇಲಿನವರಿಗೆ 'ಚೀಲ ಮನುಷ್ಯನ ಸಮೇತ ನಾಶ' ಅಂತ ಬರೀತಿದ್ದೀನಿ. ನೀವು ನೋಡಿದರೆ ಚೀಲ ಸುಖವಾಗಿ ಪ್ಲಾಟ್‌ಫಾರ್ಮಿನಲ್ಲಿ ನಿಂತಿತ್ತು ಅಂತೀರಿ. ನನ್ನ ಪಿಂಚಣಿಗೆ ಏಳು ತಿಂಗಳಿದೆ, ಗೊತ್ತಾ?"

ಆ ಮಧ್ಯಾಹ್ನ ಬೆಲ್ಟು ಇಳಿದರೂ ರೈಲು ಹೊರಡಲಿಲ್ಲ. ಗಿರಣಿಯವನು ಮೂಟೆಗಳ ಮೇಲೆ ಕೂತಿದ್ದ. ಹೆಂಡತಿ ಪೊರಕೆ ಹಿಡಿದು ಅವನ ಕಾಲ ಸುತ್ತ ಗುಡಿಸಿದಳು.

"ಹೋಗಿ ಹೇಳ್ಬಿಡ್ರೀ. ಹಲ್ಲುನೋವಲ್ಲಿ ಮಲಗಿದ್ದೆ ಅನ್ನಿ."

"ಫಲಕ?"

"ಕೊಟ್ಟುಬಿಡಿ."

"ರಾಜಧಾನಿ ಪ್ರದರ್ಶನ ಕಣೇ! ಹಲಗೆಗೆ ಹೊಸ ಬೋಲ್ಟು ತಂದಿದ್ದೀನಿ!"

"ಆಯಮ್ಮ ಎಂಟು ವರ್ಷ ಕಾದಿದ್ದಾಳೆ. ನಿಮ್ಮ ಬೋಲ್ಟು ಕಾಯಲ್ವಾ?"

ತಾನೇ ಹೇಳದಿದ್ದರೂ ಕಚೇರಿಯವರು ಇಂಥ ತಕರಾರನ್ನು ನಂಬಲಾರರು ಎಂಬ ಒಂದು ಆಸೆ ಅವನಿಗಿತ್ತು. ಹೆಬ್ಬೆರಳಿನ ಉಗುರಿನಷ್ಟು ಸೀಸದ ತುಂಡನ್ನು ಯಾವ ಸರ್ಕಾರ ಲೆಕ್ಕಕ್ಕೆ ಹಿಡಿದೀತು?

ಮೂರನೆಯ ದಿನ ಕಾಗದ ಬಂತು. "ಸದರಿ ರೈಲ್ವೆ ನಿಲ್ದಾಣವನ್ನು, ಅದರಲ್ಲಿ ಹಾಜರಿರುವ ಸಮಸ್ತ ಪ್ರಯಾಣಿಕರ ಸಮೇತ, ವಿಚಾರಣೆಗೆ ತರತಕ್ಕದ್ದು."

ಹಿಟ್ಟಿನ ಗಾಡಿಯಲ್ಲಿ ಎರಡು ಹಲಗೆಗಳನ್ನೂ ಹಗ್ಗ ಬಿಗಿದು ಹೇರಿ, ಮೇಲೆ ಗೋಣಿ ಹೊದಿಸಿ ತಂದರು. ರಸ್ತೆ ಒಳ್ಳೆಯದಿರಲಿಲ್ಲ. ಒಂದು ಗುಂಡಿಯಲ್ಲಿ ನೀರಿನ ತೊಟ್ಟಿ ಬಿತ್ತು, ಇನ್ನೊಂದರಲ್ಲಿ ಸಿಗ್ನಲ್ ಕಂಬ ಮುರಿಯಿತು, ಗೋಧಿಯ ಜಲ್ಲಿ ದಾರಿಯುದ್ದಕ್ಕೂ ಸೋರಿ, ಕೋಳಿಗಳು ಗಾಡಿಯ ಹಿಂದೆ ಬಂದವು. ಕಚೇರಿಯ ಬಾಗಿಲು ನಿಲ್ದಾಣಕ್ಕಿಂತ ಕಿರಿದು. ಕೊನೆಗೆ ವರಾಂಡದಲ್ಲೇ, ಚಪ್ಪಡಿಯ ಮೇಲೆ ಎರಡು ಬೆಂಚು ಜೋಡಿಸಿ ಇಟ್ಟರು. ಸಾಹೇಬರು ಕುರ್ಚಿ ತರಿಸಿ ಅಲ್ಲೇ ಕೂತರು. ಅವರಿಗೆ ನೆಗಡಿಯಾಗಿತ್ತು. ಒಂದು ಸೀನಿಗೆ ಪ್ಲಾಟ್‌ಫಾರ್ಮಿನ ಇಬ್ಬರು ಉರುಳಿದರು.

"ಅವರನ್ನು ಎಬ್ಬಿಸಿ," ಎಂದರು. "ಸಾಕ್ಷ್ಯ ಕೆಡಬಾರದು. ಸದರಿ ವ್ಯಕ್ತಿ ಯಾರು?"

ಮೈದುನ ತೋರಿಸಿದ. ಸಾಹೇಬರು ಭೂತಗನ್ನಡಿ ಹಿಡಿದು ನೋಡಿದರು. ಗುಮಾಸ್ತ ಬರೆದುಕೊಂಡ. ಪೋಸ್ಟ್ ಮಾಸ್ಟರು ಜೇಬಿನಿಂದ ಸ್ಕೇಲು ತೆಗೆದು ಟಪಾಲಿನವನ ಸೊಂಟಕ್ಕೆ ಹಿಡಿದರು.

"ಐದು ಮಿಲಿಮೀಟರು. ಎಂಬತ್ತೇಳರಿಂದ ಗುಣಿಸಿದರೆ ನಲವತ್ತಮೂರೂವರೆ ಸೆಂಟಿಮೀಟರು. ಇಲಾಖೆಯ ಚೀಲ ಅರವತ್ತು. ಇದು ನಮ್ಮ ಚೀಲ ಅಲ್ಲ, ಸಾರ್!"

"ಹಾಗಾದರೆ ಮನುಷ್ಯನೂ ಅವನಲ್ಲ ಅಂತಲೋ?"

"ಮನುಷ್ಯನ ವಿಷಯ ನಮ್ಮ ಇಲಾಖೆಗೆ ಸಂಬಂಧಪಡಲ್ಲ, ಸಾರ್. ಚೀಲ ನಮ್ಮದಲ್ಲ."

"ಕೆಳಗೆ ಮಡಿಸಿಕೊಂಡಿರಬಹುದು!" ಎಂದ ಮೈದುನ. "ಮೂರು ವರ್ಷ ಅಡಗಿದ್ದವನು ಚೀಲ ಪೂರಾ ಬಿಚ್ಚಿಕೊಂಡು ನಿಲ್ತಾನಾ?"

"ಮಡಿಸಿದ್ದಕ್ಕೆ ಗೆರೆ ಎಲ್ಲಿದೆ? ತೋರಿಸಿ!"

"ನಿಮ್ಮ ಕಣ್ಣಿಗೆ ಹಿಟ್ಟು ಬಿದ್ದಿದೆ!"

ವರಾಂಡದ ಕೆಳಗೆ ಊರಿನ ಅರ್ಧ ಜನ ನೆರೆದಿದ್ದರು. ಬೇಕರಿಯಾಕೆ, ಹಲ್ಲಿನ ಡಾಕ್ಟರು, ಒಂದು ಕಂಬಕ್ಕೆ ಒರಗಿ ನಿಂತ ಮುದಿ ಸ್ಟೇಷನ್ ಮಾಸ್ಟರು. ಹೊಲಿಗೆಯಮ್ಮ ಮಾತ್ರ ಯಾರನ್ನೂ ನೋಡದೆ ಹಲಗೆಯ ಹತ್ತಿರ ಕೂತಿದ್ದಳು, ಕಣ್ಣು ಪ್ಲಾಟ್‌ಫಾರ್ಮಿನ ಮಟ್ಟಕ್ಕೆ ಬರುವ ಹಾಗೆ.

"ನೀವು ಹೇಳಿ," ಸಾಹೇಬರು ಗಿರಣಿಯವನ ಕಡೆ ತಿರುಗಿದರು. "ಈ ವ್ಯಕ್ತಿಯನ್ನು ಐದು ವರ್ಷದ ಹಿಂದೆ ಜೀವಂತ ನೋಡಿದಿರೋ? ಹೌದು ಅಂದರೆ ಆಕೆಯ ಅರ್ಜಿ ವಜಾ, ಎರಡು ವರ್ಷ ಬಿಟ್ಟು ಹೊಸದಾಗಿ ಹಾಕಬೇಕು. ಇಲ್ಲ ಅಂದರೆ ಇಲ್ಲ."

ಗಿರಣಿಯವನು ಡಾಕ್ಟರನ್ನು ನೋಡಿದ. ಅವರ ತುಟಿ ಆಗಲೇ ಅಗಲವಾಗುತ್ತಿತ್ತು. ಹೆಂಡತಿಯ ಕಡೆ ನೋಡಿದ. ಅವಳು ಸುಮ್ಮನೆ ತನ್ನ ಕೆನ್ನೆಯ ಮೇಲೆ ಕೈಯಿಟ್ಟುಕೊಂಡಿದ್ದಳು. ಜೀವಮಾನದಲ್ಲಿ ಮೊದಲ ಸಲ ಅವನು ಮೆಲ್ಲಗೆ ಮಾತಾಡಿದ.

"ಇಲ್ಲ."

"ಏನು? ಕೇಳಿಸಲಿಲ್ಲ."

"ಇಲ್ಲ ಸಾರ್!" ಈಗ ಬೀದಿಗೆಲ್ಲ ಕೇಳಿತು. "ನಾನು ಅವತ್ತು ಸ್ಟೇಷನ್ನಿಗೇ ಹೋಗಿರಲಿಲ್ಲ! ದವಡೆ ಊದಿ ಮಲಗಿದ್ದೆ! ಇವರು ಯಾರೂ ಅಲ್ಲ! ಒಂದೇ ಅಚ್ಚು, ಮೂವತ್ತೆಂಟು ಸಲ ಹುಯ್ದದ್ದು! ಇವನನ್ನು ಆರೋ ಮೊದಲು ಎಳೆದೆ, ಡೊಂಕಾದ! ಚೀಲ ಅಲ್ಲ ಅದು, ಅರ ಹಾಕಬೇಕಿತ್ತು, ಹಾಕಲಿಲ್ಲ!"

ಕೋಳಿಯೊಂದು ಮೆಟ್ಟಿಲು ಹತ್ತಿ ಬಂದು ನಿಲ್ದಾಣದ ಜಲ್ಲಿ ಕುಕ್ಕಿತು.

ಸಾಹೇಬರು ಮೂಗೊರೆಸಿಕೊಂಡರು. "ಒಂದು ದಿನ ನೋಡಿದೆ ಅಂತೀರಿ, ಇನ್ನೊಂದು ದಿನ ಇಲ್ಲ ಅಂತೀರಿ. ನೀವು ಅಲ್ಲಿರಲಿಲ್ಲ ಅನ್ನೋದಕ್ಕೆ ಏನು ಆಧಾರ?"

"ನಾನು ಮನೆಯಲ್ಲಿದ್ದೆ ಸಾರ್! ನನ್ನ ಹೆಂಡತಿಯನ್ನು ಕೇಳಿ!"

"ಹೆಂಡತಿ ಮಾತು ಆಗಲ್ಲ. ಅವತ್ತು ನಿಲ್ದಾಣದಲ್ಲಿ ಇದ್ದವರು ಯಾರಾದರೂ ಬಂದು, ಈ ಟಪಾಲಿನವನು ಅಲ್ಲಿರಲಿಲ್ಲ ಅಂತ ಹೇಳಬೇಕು. ಈ ಮೂವತ್ತೆಂಟು ಜನರಲ್ಲಿ ಯಾರಿದ್ದಾರೆ?"

ಜನ ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಅತ್ತ ತಿರುಗಿ ಕೆಮ್ಮಿದ. ಕೊನೆಯ ರೈಲಿಗೆ ಹೋಗಿದ್ದೆ, ಕಣ್ಣೀರು ಬಂತು ಎಂದು ಐದು ವರ್ಷದಿಂದ ಎಲ್ಲ ಅಂಗಡಿಯ ಮುಂದೆಯೂ ಹೇಳಿಕೊಂಡು ಬಂದವರೇ ಎಲ್ಲರೂ. ಈಗ ಒಬ್ಬರೂ ಮುಂದೆ ಬರಲಿಲ್ಲ.

ಕಂಬಕ್ಕೆ ಒರಗಿದ್ದ ಸ್ಟೇಷನ್ ಮಾಸ್ಟರು ಮೆಟ್ಟಿಲು ಹತ್ತಿದರು.

"ನಾನಿದ್ದೆ," ಎಂದರು. "ಬರೆದುಕೊಳ್ಳಿ. ಟಪಾಲಿನವರು ಇರಲಿಲ್ಲ. ಯಾರೂ ಇರಲಿಲ್ಲ. ನಾನು, ಹಸಿರು ಬಾವುಟ, ಒಂದು ನಾಯಿ. ಗಾಡಿ ಬಂತು, ಯಾರೂ ಇಳಿಯಲಿಲ್ಲ, ಯಾರೂ ಹತ್ತಲಿಲ್ಲ. ಎರಡು ನಿಮಿಷದ ಜಾಗದಲ್ಲಿ ಹತ್ತು ನಿಮಿಷ ನಿಲ್ಲಿಸಿಕೊಂಡಿದ್ದೆ, ಯಾರಾದರೂ ಬರಬಹುದು ಅಂತ. ಡ್ರೈವರು ಬೈದ. ಬಾವುಟ ತೋರಿಸಿದೆ."

ಸಾಹೇಬರು ಹುಬ್ಬೇರಿಸಿದರು. "ಗೊತ್ತಿದ್ದೂ ಬಹುಮಾನ ಯಾಕೆ ಕೊಟ್ಟಿರಿ?"

ಮಾಸ್ಟರು ಹಲಗೆಯ ಮೇಲಿನ ಜನವನ್ನು ನೋಡಿದರು. "ಮೂವತ್ತೆಂಟು ಜನ ಬಂದಿದ್ದರು ಅಂತ ಇವರು ಅಷ್ಟು ಜೋರಾಗಿ ಕೂಗಿದರಲ್ಲ, ಸಾರ್. ಇಲ್ಲ ಅನ್ನಲು ನನಗೆ ಮನಸ್ಸು ಬರಲಿಲ್ಲ. ತಪ್ಪೇ. ಇನ್ನು ಮುಂದೆ ತೀರ್ಪಿಗೆ ನನ್ನನ್ನು ಕರೆಯಬೇಡಿ ಅಂತ ಹೇಳಿಬಿಡ್ತೀನಿ."

ಸಾಹೇಬರು ಗುಮಾಸ್ತನಿಗೆ ಹೇಳಿ ಬರೆಸಿದರು: ಸದರಿ ವ್ಯಕ್ತಿಯು ವ್ಯಕ್ತಿಯಲ್ಲ, ಸೀಸ. ಸೀಸವು ಎಂದೂ ಜೀವಂತವಾಗಿದ್ದುದಕ್ಕೆ ಆಧಾರವಿಲ್ಲ. ಆದ್ದರಿಂದ ಅರ್ಜಿದಾರಳ ಗಂಡ ಎಂಟು ವರ್ಷದಿಂದ ಕಾಣೆ, ತಕರಾರು ವಜಾ. ಆಮೇಲೆ ಚಿಮಟದಿಂದ ಆ ಡೊಂಕನನ್ನು ಕಂಬದ ಬುಡದಿಂದ ಕಿತ್ತು, ಲಕೋಟೆಗೆ ಹಾಕಿ, ಅರಗಿನಿಂದ ಮೊಹರು ಒತ್ತಿ, ಮೇಲೆ ನಂಬರು ಬರೆದರು. ಹೊಲಿಗೆಯಮ್ಮ ಕೈ ಚಾಚಿದಳು. "ಕಡತಕ್ಕೆ ಸೇರಿದ್ದು, ಕೊಡೋಕೆ ಬರಲ್ಲಮ್ಮ," ಎಂದ ಗುಮಾಸ್ತ, ಲಕೋಟೆಯನ್ನು ದಾರಕ್ಕೆ ಪೋಣಿಸುತ್ತ.

ಫಲಕವನ್ನು ಡಾಕ್ಟರು ತಾವೇ ಗಿರಣಿಗೆ ಬಂದು, ಗೋಡೆಯಿಂದ ಇಳಿಸಿಕೊಂಡು, ಬಾಯಿಂದ ಊದಿ ಹಿಟ್ಟು ಹಾರಿಸಿ ತೆಗೆದುಕೊಂಡು ಹೋದರು. ರಾಜಧಾನಿಗೆ ಹಿಮದ ಬೆಟ್ಟ ಹೋಯಿತು. ಮುರಿದ ಹಲಗೆಗಳು ಅಟ್ಟಕ್ಕೆ ಏರಲೇ ಇಲ್ಲ. ಗೋಡೆಗೆ ಒರಗಿ ನಿಂತವು, ಮೂವತ್ತೇಳು ಜನ ಅಡ್ಡಡ್ಡ.

ವಾರ ಬಿಟ್ಟು ಹೊಲಿಗೆಯಮ್ಮ ಗೋಧಿ ತಂದಳು. ಸಾಲು ಕರಗುವವರೆಗೆ ಕಾದಳು. ಕಚೇರಿಯ ಕಾಗದ ನಾಲ್ಕು ಮಡಿಕೆಯಾಗಿ ಅವಳ ಕೈಯಲ್ಲೇ ಇತ್ತು.

"ಬಂತಾ, ತಾಯೀ?" ಎಂದ ಗಿರಣಿಯವನು.

"ಬಂತು. ಸತ್ತಿದ್ದಾರೆ ಅಂತ ಮೂರು ಕಡೆ ಮೊಹರು ಹಾಕಿದ್ದಾರೆ. ಮನೆ ನನ್ನದಾಯ್ತು."

"ಒಳ್ಳೇದಾಯ್ತು."

"ಒಳ್ಳೇದೇ." ಅವಳು ಡಬ್ಬಿಯ ಮುಚ್ಚಳ ತೆಗೆದಳು. "ಎಂಟು ವರ್ಷದಲ್ಲಿ ನಾನು ಅವರ ಮೇಲೆ ಸಿಟ್ಟು ಮಾಡಿಕೊಂಡಿರಲಿಲ್ಲ, ಅಣ್ಣಾ. ಸತ್ತವರ ಮೇಲೆ ಏನು ಸಿಟ್ಟು ಅಂತ. ನಿಮ್ಮ ಬೊಂಬೆ ನೋಡಿದ ಮೇಲೆ ಒಂದು ವಾರ ಬೈದೆ ನೋಡಿ, ಮಷೀನು ತುಳೀತಾ, ಅಡುಗೆ ಮಾಡ್ತಾ! ಇಲ್ಲೇ ಇದ್ದುಕೊಂಡು ಬರಲಿಲ್ಲವಲ್ಲ ಅಂತ. ಮನೆ ತುಂಬಿದ ಹಾಗಿತ್ತು."

ಗಿರಣಿಯವನು ಗೋಧಿಯನ್ನು ಕಲ್ಲಿಗೆ ಸುರಿದ.

"ಅದನ್ನ ಅವರು ಕೊಡಲ್ಲವಂತೆ," ಎಂದಳು. "ನೀವೊಂದು ಮಾಡಿಕೊಡಿ. ಹಾಗೇ ಇರೋದು."

"ಅದೇನು ಮಹಾ! ಆರೋ ಮೊದಲು ಎಳೆದರಾಯ್ತು! ನಾಳೆ ಬನ್ನಿ!"

ಮರದ ಮೂಲ ಬೊಂಬೆ ಇತ್ತು; ಹೊಸ ಅಚ್ಚು ತೆಗೆದ, ಸೀಸ ಕರಗಿಸಿದ, ಆರುವ ಮೊದಲೇ ಎಳೆದ. ಮೊದಲನೆಯವನು ನೇರವಾಗಿ ಬಂದ. ಎರಡನೆಯವನು ಸೊಂಟದಲ್ಲಿ ಮುರಿದ. ಮೂರನೆಯವನ ಬಲ ಹೆಗಲು ಇಳಿಯಿತು. ಮಾರನೆಯ ದಿನ, ಅದರ ಮಾರನೆಯ ದಿನ, ಬೆಲ್ಟು ಇಳಿದ ಮೇಲೆ ಅವನು ಬೇರೆ ಕೆಲಸವನ್ನೇ ಮಾಡಲಿಲ್ಲ. ನಲವತ್ತು ಜನ ಕೊಡೆ ಹಿಡಿದು ಸೆಟೆದು ನಿಂತರು. ಕೊನೆಗೆ ಒಬ್ಬನನ್ನು ಇಕ್ಕಳದಿಂದ ಬಗ್ಗಿಸಿ, ಸೊಂಟಕ್ಕೆ ಗಂಟು ಬೆಸೆದು ಕೊಟ್ಟ. ಹೊಲಿಗೆಯಮ್ಮ ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡಿದಳು.

"ಇವರಲ್ಲ," ಎಂದು ತಿರುಗಿ ಕೊಟ್ಟಳು. "ಇವನನ್ನ ಯಾರೋ ತಿರುಚಿದ್ದಾರೆ."

ಬೀಸಿದ್ದಕ್ಕೆ ಅವನು ಕೂಲಿ ಬೇಡವೆಂದ. ಅವಳು ಚಿಲ್ಲರೆಯನ್ನು ಎಣಿಸಿ ತಕ್ಕಡಿಯ ತಟ್ಟೆಯಲ್ಲಿ ಇಟ್ಟಳು. "ಇದು ಬೇರೆ, ಅದು ಬೇರೆ. ಆ ಬೊಂಬೆಯ ಸಾಲ ನಿಮ್ಮ ಮೇಲೆ ಇರಲಿ."

ಚಳಿ ಕಳೆಯಿತು. ಹೊಲ ಉಳುವ ಹೊತ್ತಾಗಿ ಗಿರಣಿಗೆ ಬರುವ ಮೂಟೆ ಕಡಿಮೆಯಾದವು. ಹೊಲಿಗೆಯಮ್ಮ ವಾರಕ್ಕೊಮ್ಮೆ ಡಬ್ಬಿ ಹಿಡಿದು ಬರುತ್ತಾಳೆ. ಮೊದಮೊದಲು "ಆಯ್ತಾ, ಅಣ್ಣಾ?" ಎಂದು ಕೇಳುತ್ತಿದ್ದಳು, ಅವನು "ಮುಂದಿನ ವಾರ!" ಎಂದು ಕೂಗುತ್ತಿದ್ದ. ಈಚೆಗೆ ಅವಳು ಕೇಳುವುದಿಲ್ಲ. ಡಬ್ಬಿಯನ್ನು ಕೆಳಗಿಟ್ಟು ಅವನ ಕೈ ನೋಡುತ್ತಾಳೆ. ಅವನು ಸೀಸ ತಾಗಿ ಸುಟ್ಟ ಬೆರಳುಗಳನ್ನು ಬಿಡಿಸಿ, ಹಿಟ್ಟು ಹತ್ತಿದ ಎರಡೂ ಅಂಗೈಯನ್ನು ತೋರಿಸುತ್ತಾನೆ. ಅವಳು ತಲೆಯಾಡಿಸಿ, ಬಿಸಿ ಹಿಟ್ಟು ತುಂಬಿದ ಡಬ್ಬಿಯನ್ನು ಸೊಂಟಕ್ಕೇರಿಸಿಕೊಂಡು ಹೋಗುತ್ತಾಳೆ.